ಕೊನೆಯ ಕ್ಷಣದ ಬಾಸ್ಕೆಟ್

ಅಂತರ ಕಾಲೇಜು ಬಾಸ್ಕೆಟ್‌ಬಾಲ್ ಫೈನಲ್‌ನಲ್ಲಿ ನಮ್ಮವರು ಒಂದೇ ಪಾಯಿಂಟ್ ಹಿಂದಿದ್ದರು. ಕೊನೆಯ ಕ್ಷಣದಲ್ಲಿ ನನ್ನ ಮಗ ಚೆಂಡು ಎಸೆಯುತ್ತಿದ್ದಂತೆ ರೆಫರಿ ಸೀಟಿ ಊದಿದರು. ಚೆಂಡು ಬಾಸ್ಕೆಟ್ಟಿನೊಳಗೇ ಬಿತ್ತು.

“ಮತ್ತೆ ಮೋಸ! ಶುರುವಿನಿಂದ ನಮ್ಮ ಮೇಲೇ ಊದ್ತಿದ್ದಾನೆ. ಹಾಕ್ರೋ ಅವನಿಗೆ!” ಹಿಂದಿನಿಂದ ಯಾರೋ ಕೂಗಿದರು.

ಗ್ಯಾಲರಿಯೇ ಅಂಕಣಕ್ಕೆ ನುಗ್ಗಿತು. ಒಬ್ಬ ಕುರ್ಚಿಯಿಂದ ರೆಫರಿಯ ತಲೆಗೆ ಹೊಡೆದ. ಕೆಳಗೆ ಬಿದ್ದವರ ಪಕ್ಕೆಗೆ ನಾನೂ ಒದ್ದೆ, ಎರಡು ಸಲ.

“ಸಾಕು, ಬಿಡಮ್ಮ!” ಮಗ ನನ್ನ ತೋಳು ಹಿಡಿದೆಳೆದ.

“ಬಿಡಲ್ಲ ಕಣೋ. ನೀನು ಹಾಕಿದ ಬಾಸ್ಕೆಟ್ ಯಾಕೆ ಕೊಡ್ಲಿಲ್ಲ ಅಂತ ಹೇಳ್ಲಿ!”

ರೆಫರಿ ಬಾಯಲ್ಲಿದ್ದ ರಕ್ತ ಉಗಿದರು.

“ಸೀಟಿ ಊದಿದ್ದು ನಿಮ್ಮ ಹುಡುಗನನ್ನ ತಳ್ಳಿದವನ ಮೇಲೆ, ತಾಯಿ. ಬಾಸ್ಕೆಟ್ ಕೊಡೋಕೇ ಕೈ ಎತ್ತುತ್ತಿದ್ದೆ.”