ಹದಿಮೂರು ಡಿಗ್ರಿ

“ಲೇ ಮಧುರಾ, ಮೆಕ್ಯಾನಿಕ್ ಕಳ್ಸಿ ಅಂದ್ರೆ ಯಾವ್ದೋ ಹುಡುಗೀನ ಕಳ್ಸಿದಾರೆ ಕಣೇ! ಇವತ್ತು ನನ್ ಕಥೆ ಮುಗೀತು,” ಎಂದು ಪಬ್ಬಿನ ಮ್ಯಾನೇಜರ್ ಸಂದೀಪ ಫೋನಿನಲ್ಲಿ ಹೆಂಡತಿಗೆ ಹೇಳುತ್ತಿದ್ದ.

“ಕಥೆ ಆಮೇಲೆ ಮುಗಿಸಿ ಸರ್. ಮೊದ್ಲು ಬಾಗ್ಲು ಹಾಕಿ, ತಂಪೆಲ್ಲ ಹೊರಗೆ ಹೋಗ್ತಿದೆ,” ಎಂದಳು ಕವನಾ, ನೆಲಮಾಳಿಗೆಯ ಮೆಟ್ಟಿಲಿಳಿಯುತ್ತ.

ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನಲ್ಲಿ ಕನ್ನಡದಲ್ಲೇ ಉತ್ತರ ಬಂದೀತೆಂದು ಸಂದೀಪ ಎಣಿಸಿರಲಿಲ್ಲ. ಪೆಚ್ಚಾಗಿ ಬಾಗಿಲೆಳೆದುಕೊಂಡ.

ಬೆಳಿಗ್ಗೆ ಏಳು ಗಂಟೆ. ಮಧ್ಯಾಹ್ನ ಎರಡಕ್ಕೆ ಕ್ರಿಕೆಟ್ ಫೈನಲ್. ಇನ್ನೂರು ಜನ ಜಾಗ ಕಾದಿರಿಸಿದ್ದರು. ನಾಲ್ಕು ಡಿಗ್ರಿಯಲ್ಲಿರಬೇಕಾದ ಬಿಯರ್ ಕೋಣೆ ಹದಿಮೂರಕ್ಕೇರಿ ಕೂತಿತ್ತು. ಬಿಯರ್ ನಲ್ಲಿ ತಿರುಗಿಸಿದರೆ ಬರೀ ನೊರೆ. ರೆಫ್ರಿಜರೇಷನ್ ಲೈಸೆನ್ಸ್ ಸಿಕ್ಕ ಮೇಲೆ ಕವನಾ ಒಬ್ಬಳೇ ಬಂದ ಮೊದಲ ಕೆಲಸ ಇದು.

ಗ್ಯಾಸ್ ಸರಿಯಿತ್ತು. ಫ್ಯಾನ್ ಸರಿಯಿತ್ತು. “ಕಂಪ್ರೆಸರ್ ಹೋಗಿರ್ಬೇಕು, ಹೊಸದು ಹಾಕ್ಬಿಡಿ,” ಎಂದು ಸಂದೀಪ ಅವಸರಿಸಿದ.

“ಅದು ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದೆ ಸರ್. ಪಾಪ, ತಂಪು ಮಾಡ್ತಾನೇ ಇದೆ. ಎಲ್ಲಿಂದಾನೋ ಶಾಖ ಬರ್ತಿದೆ.”

ಎಲ್ಲಿಂದ ಎಂದು ಅವಳಿಗೂ ಗೊತ್ತಿರಲಿಲ್ಲ. ಪೀಪಾಯಿಗಳ ಸಂದಿಯಲ್ಲಿ ನುಸುಳಿದಳು. ಕೊನೆಯ ಸಾಲಿನ ಹಿಂದೆ ಕಾಲಿಗೆ ಬೆಚ್ಚನೆಯ ಗಾಳಿ ಸೋಕಿತು. ಬಗ್ಗಿ ಟಾರ್ಚ್ ಬಿಟ್ಟಳು. ಮೂಲೆಯಲ್ಲಿ ಹೊಚ್ಚ ಹೊಸ ಐಸ್ ಮಷಿನ್, ಬುಸುಬುಸು ಬಿಸಿಗಾಳಿ ಉಗುಳುತ್ತಿತ್ತು!

“ಇದನ್ನ ಇಲ್ಲಿ ಯಾರು ಇಟ್ಟಿದ್ದು?”

“ನಾನೇ... ಮೊನ್ನೆ. ಐಸ್ ಅಲ್ವಾ, ತಂಪಾಗಿರೋ ಕಡೆ ಇರ್ಲಿ ಅಂತ...”

“ಮುಂದೆ ಐಸ್ ಮಾಡುತ್ತೆ, ಹಿಂದೆ ಒಲೆ ಉರಿಸುತ್ತೆ ಸರ್ ಇದು!”

ಕವನಾ ಪ್ಲಗ್ ಕಿತ್ತಳು. ಅದರಲ್ಲಿದ್ದ ಐಸನ್ನೆಲ್ಲ ಇಬ್ಬರೂ ಮೊಗೆಮೊಗೆದು ಪೀಪಾಯಿಗಳ ಮೇಲೆ ಸುರಿದರು. ಹನ್ನೊಂದು. ಒಂಬತ್ತು. ಆರು. ನಾಲ್ಕು. ಥರ್ಮಾಮೀಟರಿನ ಅಂಕಿ ಇಳಿದಾಗಲೆಲ್ಲ ಸಂದೀಪ, ತಾನೇ ಸಿಕ್ಸರ್ ಹೊಡೆದವನಂತೆ ಕೂಗುತ್ತಿದ್ದ. ಒಂದೂವರೆಗೆ ನಲ್ಲಿ ತಿರುಗಿಸಿದಾಗ ಲೋಟದ ಬಾಯಲ್ಲಿ ಬೆರಳಗಲ ನೊರೆ, ಕೆಳಗೆಲ್ಲ ತಿಳಿ ಬಂಗಾರ. ಮೇಲೆ ಆಗಲೇ ಜನ ಗಿಜಿಗುಡುತ್ತಿದ್ದರು.

ಕವನಾ ಕೆಲಸದ ಚೀಟಿ ತುಂಬಿಸಿದಳು. ‘ಕೆಲಸ ಮಾಡಿದವರು’ ಎಂಬಲ್ಲಿ ತನ್ನ ಹೆಸರು ಒತ್ತಿ ಒತ್ತಿ ಬರೆದು, ಚೀಟಿಪುಸ್ತಕದಿಂದ ಹಾಳೆ ಹರಿದು ಸಂದೀಪನ ಕೈಗಿತ್ತಳು. ಕೆಳಗಿದ್ದ ಮೂರು ಖಾಲಿ ಹಾಳೆಗಳಲ್ಲೂ ಅವಳ ಹೆಸರು ಅಚ್ಚೊತ್ತಿದಂತೆ ಮೂಡಿತ್ತು.