ಹನ್ನೆರಡನೇ ಕೋಣೆಯ ಬಾಟಲಿ

ಮಗಳು ಮಿರೆಲ್ಲಾ ಇನ್ನೇನು ಮೊಬೈಲಿನ ಗುಂಡಿ ಒತ್ತಿ ಸಾರ್ಡಿನಿಯಾದ ಹೊಸ ಹೋಟೆಲಿನಲ್ಲಿ ಅಮ್ಮನಿಗೊಂದು ಕೋಣೆ ಕಾದಿರಿಸಬೇಕು, ಅಷ್ಟರಲ್ಲಿ ಮನೆಯ ಫೋನು ಬಡಿದುಕೊಂಡಿತು. ಅಮ್ಮ ಎರ್ಸಿಲಿಯಾ ಎತ್ತಿದಳು.

"ಏನ್ರೀ ಎರ್ಸಿಲಿಯಾ, ಈಸ್ಟರ್ ಕಳೀತು, ಆಗಸ್ಟಿಗೆ ಕೋಣೆ ಬೇಕು ಅಂತ ನಿಮ್ಮ ಫೋನೇ ಬಂದಿಲ್ಲ! ಹನ್ನೆರಡನೇ ಕೋಣೆ ಯಾರಿಗೂ ಕೊಡದೆ ಕಾಯ್ತಾ ಕೂತಿದೀನಿ." ಚೆಸೆನಾತಿಕೋದ ಕಡಲಂಚಿನ ವಸತಿಗೃಹದ ಒಡತಿ ದೆರ್ನಾ. ಪ್ರತಿ ಆಗಸ್ಟಿನಲ್ಲೂ ಎರ್ಸಿಲಿಯಾ ಗಂಡ ಅತ್ತಿಲಿಯೊ ಜೊತೆ ಇಳಿದುಕೊಳ್ಳುತ್ತಿದ್ದುದು ಅಲ್ಲೇ.

"ಅತ್ತಿಲಿಯೊ ತೀರಿಕೊಂಡ್ರಲ್ಲ ದೆರ್ನಾ. ಈ ಸಲ ಬೇರೆ ಕಡೆ ನೋಡ್ತಿದೀವಿ." ಒಂಟಿಯಾಗಿ ಬಂದವರಿಗೆ ದೆರ್ನಾಳ ಊಟದ ಕೋಣೆಯಲ್ಲಿ ಅಡುಗೆಮನೆ ಬಾಗಿಲ ಪಕ್ಕದ ಪುಟ್ಟ ಮೇಜು. ಊಟದಲ್ಲಿ ಉಳಿದ ವೈನ್ ಬಾಟಲಿಯ ಮೇಲೆ ಕೋಣೆಯ ಸಂಖ್ಯೆ ಬರೆದು ಮರುದಿನಕ್ಕೆ ಎತ್ತಿಡುತ್ತಾರೆ. ಒಬ್ಬರೇ ಕುಡಿದು ಮುಗಿಯದ ಅದೇ ಬಾಟಲಿ ದಿನವೂ ಆ ಮೇಜಿಗೆ ಮರಳುವುದನ್ನು ಕಂಡು ಗಂಡ ಹೆಂಡತಿ ಎಷ್ಟೋ ಸಲ 'ಅಯ್ಯೋ ಪಾಪ' ಅಂದಿದ್ದರು.

"ಆ ಬಾಗಿಲ ಪಕ್ಕ ನನ್ನ ಕೈಲಿ ಕೂರಕ್ಕಾಗಲ್ಲ," ಎಂದಳು ಎರ್ಸಿಲಿಯಾ.

"ಅಲ್ಲಿ ಕೂರೋಕೆ ನಿಮ್ಮ ಇಸ್ಪೀಟ್ ಗೆಳತಿ ಬ್ರೂನಾ ಬಿಟ್ರೆ ತಾನೆ? ತನ್ನ ಮೇಜಿಗೆ ಇನ್ನೊಂದು ಕುರ್ಚಿ ಹಾಕ್ಸು ಅಂತ ಆಗ್ಲೇ ಹೇಳಿದಾಳೆ. ಹೋದ್ ವರ್ಷ ಇಸ್ಪೀಟಲ್ಲಿ ನೀವು ಮೋಸ ಮಾಡಿ ಗೆದ್ರಂತೆ. ಸುಮ್ನೆ ಬಿಡಲ್ವಂತೆ."

"ನಾನಾ? ಮೋಸಾನಾ?" ಎರ್ಸಿಲಿಯಾ ಧಡಕ್ಕನೆ ಎದ್ದು, ಮಗಳ ಕೈಯಿಂದ ಮೊಬೈಲು ಕಿತ್ತು ಮೇಜಿನ ಮೇಲೆ ಮಗುಚಿಟ್ಟಳು. ಕೆನ್ನೆ ಕೆಂಪೇರಿತ್ತು. "ಎಲೆ ಬಚ್ಚಿಡೋಳು ಅವಳು! ಬರ್ತೀನಿ ಅಂತ ಹೇಳು ಅವಳಿಗೆ. ಮತ್ತೆ ದೆರ್ನಾ, ನನ್ನ ಬಾಟಲಿ ಮೇಲೆ ನಂಬರ್ ಬರೆಯೋಕೆ ಹೋಗ್ಬೇಡ. ಬ್ರೂನಾ ಎದುರಿಗೆ ಕೂತ್ರೆ ಅದೆಲ್ಲಿ ಉಳಿಯತ್ತೆ!"