ಆ್ಯಪ್ ಬಳಸುವಾಗ ಮಾತ್ರ

"ಬಂದ್ ಮಾಡೇನಂದ್ರೂ ಬಂದ್ ಆಗಬಾರದು," ಎಂದರು ಕುಬ್ರಾಬೇಗಂ, ಫೋನನ್ನು ಗಾಜಿನ ಮೇಜಿನ ಮೇಲಿಡುತ್ತ. "ಎಲ್ಲಿ ಹೋದಳು, ಯಾವ ದಾರಿ ಹಿಡಿದಳು, ಎಲ್ಲಾ ಗೊತ್ತಾಗಬೇಕು. ಅಂಥಾದ್ದೊಂದು ಹಾಕಿಕೊಡು ಬೇಟಾ."

ರೇವತಿ ತಲೆ ಎತ್ತಿ ನೋಡಿದಳು. ಇಸ್ತ್ರಿ ಮಾಡಿದ ಬುರ್ಖಾ, ದಪ್ಪ ಕನ್ನಡಕ, ಉರ್ದು ಶಾಲೆಯಲ್ಲಿ ಟೀಚರಾಗಿ ಪಳಗಿದ ದನಿ. ಶಹಾಪುರದ ಬಸ್ ಸ್ಟ್ಯಾಂಡ್ ಎದುರಿನ ಆ ಪುಟ್ಟ ಮೊಬೈಲ್ ಅಂಗಡಿಗೆ ಇಂಥ ಕೆಲಸ ಹಿಡಿದು ಬರುವವರು ಸಾಮಾನ್ಯವಾಗಿ ಗಂಡಸರು. ಅವರಾದರೂ ಆಚೀಚೆ ನೋಡಿ ಪಿಸುಗುಟ್ಟುತ್ತಾರೆ. ಈಕೆ ಪಾಠ ಒಪ್ಪಿಸುವಂತೆ ಹೇಳಿಬಿಟ್ಟರು.

"ಯಾರ ಫೋನ್ರಿ ಇದು?"

"ಮನ್ಯಾಗಿನ ಹೆಣಮಗಳದು. ಸಂಜಿ ಆತಂದ್ರ ಅಕಿಗಿ ಮನ್ಯಾಗ ಕಾಲು ನಿಲ್ಲಂಗಿಲ್ಲ. ತವರಮನಿಗಿ ಹೋಗ್ತೀನಿ ಅಂತ ಚಪ್ಪಲಿ ಮೆಟ್ಟತಾಳ. ವನದುರ್ಗದಾಗ ಅಕಿಗಿ ಯಾರು ಕಾಯಕೋತ ಕುಂತಾರ?"

ಸುರಪುರದ ಗಂಡನ ಮನೆಯಲ್ಲಿದ್ದಾಗ ಇಂಥದ್ದೇ ಆ್ಯಪು ರೇವತಿಯ ಫೋನಿನೊಳಗೂ ಕುಳಿತಿತ್ತು. ಹಾಕಿದವನು ಗಂಡ, ಹಾಕಿಸಿದವಳು ಅತ್ತೆ. ಬಳೆ ಅಂಗಡಿಯ ಮುಂದೆ ತುಸು ನಿಂತರೂ, ಮನೆ ಸೇರುವಷ್ಟರಲ್ಲಿ ಬಾಗಿಲಲ್ಲಿ ವಿಚಾರಣೆ ಶುರು. ತವರಿಗೆ ಹೋಗಿ ಅವ್ವನ ಮುಂದೆ ಅತ್ತದ್ದಕ್ಕೂ ಲೆಕ್ಕ ಕೊಡಬೇಕಾಯಿತು. ಆ ಮನೆ ಬಿಟ್ಟು ಬಂದ ಮೇಲೆಯೇ ಅವಳು ಈ ಕೆಲಸ ಕಲಿತದ್ದು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಸೊಸೆಯ ಕಾಲ ಬಂದದ್ದನ್ನು ಅವಳಂತೂ ಕಂಡಿರಲಿಲ್ಲ.

ಆಗುವುದಿಲ್ಲ ಎನ್ನಬಹುದಿತ್ತು. ಹಾಗಂದರೆ ಪಕ್ಕದ ಅಂಗಡಿಯವನು ಹಲ್ಲು ಕಿರಿದು ಹಾಕಿಕೊಡುತ್ತಿದ್ದ. ಅವಳು ಆ್ಯಪು ಇಳಿಸತೊಡಗಿದಳು.

"ಇದು ಅಕಿಗಿ ಗೊತ್ತದನ್ರಿ?"

"ಬೆಳಿಗ್ಗಿ ಕೇಳಿದ್ರ ಹ್ಞೂಂ ಅಂತಾಳ. ಸಂಜಿಗಿ ಅದಽ ಬಾಯಿಲೆ ಬೈತಾಳ."

"ಲಾಕ್ ನಂಬರ್ ಏನಿಡ್ಲ್ರಿ?"

"ನಿನಗ ತಿಳಿದಿದ್ದು ಇಡು. ನನಗ ಹೇಳಬ್ಯಾಡ. ನಾ ಹೇಳೋ ಫೋನಿಗಿ ಕಳಿಸಿಬಿಡು. ನೋಡೋದೂ ಆ ಫೋನಿನ್ಯಾಗಽ." ಒಂದೊಂದೇ ಅಂಕಿಯನ್ನು ನೆನೆಸಿಕೊಂಡು ಹೇಳಿದರು.

ಮಗನ ನಂಬರಿರಬೇಕು ಎಂದುಕೊಂಡಳು ರೇವತಿ. ಹುಕುಂ ತಾಯಿಯದು, ಪಹರೆ ಮಗನದು. ಎಲ್ಲ ಮನೆಯ ದೋಸೆಯೂ ತೂತೇ.

ಯಾರೋ ಚಾರ್ಜರ್ ಕೇಳಿಕೊಂಡು ಬಂದರು. ಕುಬ್ರಾಬೇಗಂ ತಟ್ಟನೆ ಬಾಯಿ ಮುಚ್ಚಿ, ಗೋಡೆಗೆ ತೂಗುಹಾಕಿದ್ದ ಫೋನ್ ಕವರುಗಳನ್ನು ನೋಡುತ್ತ ನಿಂತರು. ಗಿರಾಕಿ ಹೋಗುವವರೆಗೂ ಇತ್ತ ತಿರುಗಲಿಲ್ಲ. ಇಷ್ಟು ನಾಚಿಕೆಯಾದರೂ ಇದೆಯಲ್ಲ ಎಂದುಕೊಂಡಳು ರೇವತಿ.

ಅಷ್ಟರಲ್ಲಿ ಫೋನು ಕೊನೆಯ ಪ್ರಶ್ನೆ ಕೇಳಿತು. ಈ ಸಾಧನ ಎಲ್ಲಿದೆ ಎಂದು ತಿಳಿಯಲು ಆ್ಯಪಿಗೆ ಒಪ್ಪಿಗೆಯೇ? ಎಲ್ಲ ಸಮಯದಲ್ಲೂ ಅನುಮತಿಸಿ. ಆ್ಯಪ್ ಬಳಸುವಾಗ ಮಾತ್ರ ಅನುಮತಿಸಿ. ಅನುಮತಿಸಬೇಡಿ.

ರೇವತಿಯ ಬೆರಳು ಮೊದಲನೆಯದರ ಮೇಲೆ ಹೋಗಿ ನಿಂತಿತು. ಕಾಣದ ಆ ಸೊಸೆಯ ಮುಖವನ್ನು ಅವಳು ಊಹಿಸಿದಳು. ತುಸು ತನ್ನದೇ ಮುಖ. ಬೆರಳು ಕೆಳಗಿಳಿಯಿತು. ಆ್ಯಪ್ ಬಳಸುವಾಗ ಮಾತ್ರ. ಈಗ ತೆರೆದಿದೆಯಾದ್ದರಿಂದ ಅಂಗಡಿಯ ಜಾಗ ಅತ್ತ ಕಾಣಿಸುತ್ತದೆ, ಎಲ್ಲ ಸರಿಯಾಗಿದೆ ಅನಿಸುತ್ತದೆ. ಆ್ಯಪು ಮುಚ್ಚಿದ ಮೇಲೆ ಅದು ಕುರುಡು, ಚುಕ್ಕೆ ಇಲ್ಲಿಯೇ ನಿಂತುಬಿಡುತ್ತದೆ.

"ಆತೇನು?"

"ಆತ್ರಿ ಅಮ್ಮಾರ."

"ಎಲ್ಲಿ ಹೋದ್ರೂ ಕಾಣತದಲ್ಲ? ಖರೇ ಹೇಳು."

"ಖರೇನಽ ರಿ."

ಕುಬ್ರಾಬೇಗಂ ಕೈಚಾಚಿ ರೇವತಿಯ ತಲೆ ಸವರಿದರು. "ಖುದಾ ನಿನ್ನ ಚಲೋ ಇಡ್ಲಿ. ಭಾಳ ದಿನದ ಮ್ಯಾಲ ಜೀವಕ್ಕ ಸಮಾಧಾನ ಆತು."

ಅವರು ಹೋದ ಮೇಲೆ ರೇವತಿಗೆ ಕೂತಲ್ಲಿ ಕೂರಲಾಗಲಿಲ್ಲ. ತಪ್ಪು ಮಾಡಿದ ಅಳುಕಲ್ಲ, ಗೆದ್ದ ಚಡಪಡಿಕೆ. ಒಂದು ಸ್ಕ್ರೀನ್ ಗಾರ್ಡನ್ನು ಸೊಟ್ಟಗೆ ಅಂಟಿಸಿ ಬೈಸಿಕೊಂಡಳು. ಚಹಾ ತರಿಸಿ ಆರಿಸಿಬಿಟ್ಟಳು. ಆ ಹುಡುಗಿ ಇಷ್ಟೊತ್ತಿಗೆ ಹೊರಟಿರಬಹುದೇ? ವನದುರ್ಗದಲ್ಲಿ ಅವ್ವನ ಮುಂದೆ ಕೂತು ಹಗುರಾಗುತ್ತಿರಬಹುದೇ? ಅವಳು ಸಿಕ್ಕರೆ ಹೇಳಿಬಿಡಬೇಕು ಅನಿಸುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಯಾದಗಿರಿ ಬಸ್ಸಿನಿಂದ ಇಳಿದ ಹೆಣ್ಣುಮಗಳೊಬ್ಬಳು ನೇರ ಅಂಗಡಿಗೇ ಬಂದಳು. ಹೆಗಲಲ್ಲಿ ಬ್ಯಾಗು, ಮುಖದಲ್ಲಿ ದಿನವಿಡೀ ದುಡಿದ ದಣಿವು. ಒಳಗೆಲ್ಲ ಕಣ್ಣಾಡಿಸಿದಳು.

"ನಾ ಫರ್ಹತ ಅಂತ್ರಿ. ಕುಬ್ರಾಬೇಗಂ ಟೀಚರ್ ಅವರ ಸೊಸಿ."

ದೇವರೇ ಕಳಿಸಿದಂತಾಯಿತು. ರೇವತಿ ಮೇಜಿನ ಮೇಲೆ ಬಾಗಿ ದನಿ ತಗ್ಗಿಸಿದಳು. "ನೀವು ಏನೂ ಹೆದರಬ್ಯಾಡ್ರಿ. ನಿಮ್ಮತ್ತಿ ಆ್ಯಪ್ ಹಾಕಿಸ್ಯಾರ ಖರೇ, ಆದ್ರ ನಾ ಅದರ ಕಣ್ಣು ಕಟ್ಟೀನಿ. ನೀವು ತವರಮನಿಗಿ ಯಾವಾಗರ ಹೋಗ್ರಿ, ಯಾರಿಗೂ ಗೊತ್ತಾಗಂಗಿಲ್ಲ."

ಫರ್ಹತ ತನ್ನ ಕೈಯಲ್ಲಿದ್ದ ಫೋನನ್ನು ಮೇಜಿನ ಮೇಲಿಟ್ಟಳು. ನಕ್ಷೆಯ ಮೇಲಿನ ಚುಕ್ಕೆ ಇದೇ ಅಂಗಡಿಯಲ್ಲಿ ನಿಂತಿತ್ತು.

"ನನ್ನ ತವರಮನಿ ಹೈದರಾಬಾದದಾಗ ಅದರಿ," ಎಂದಳು. "ವನದುರ್ಗ ನಮ್ಮತ್ತಿ, ಅಮ್ಮೀದು. ಅವರಿಗಿ ಮರವಿನ ಬ್ಯಾನಿ. ಹಗಲೆಲ್ಲ ಶಾಣ್ಯಾರಽ ಇರ್ತಾರ. ಸಂಜಿ ಆತಂದ್ರ ಸಣ್ಣ ಹುಡುಗಿ ಆಗಿ, ಸತ್ತುಹೋದ ಅಬ್ಬಾನ ಮನಿಗಿ ಹೊಂಡತಾರ. ಆ ಹೊತ್ತಿನ ತಮ್ಮನ್ನಽ ಬ್ಯಾರೆ ಹೆಣಮಗಳಂಗ ಅಕಿ, ಅಕಿ ಅಂತ ಮಂದಿ ಮುಂದ ತಾವಽ ಬೈಕೋತಾರ. ಹೋದ ಸಲ ಕಾಲುವಿ ದಂಡಿ ಮ್ಯಾಲ ಸಿಕ್ಕಿದ್ರು. ತಮ್ಮ ಫೋನಿಗಿ ಇದನ್ನ ಹಾಕಿಸ್ತೀನಂತ ಹಟ ಹಿಡದವರೂ ಅವರಽ. ನಿಮ್ಮ ಅಂಗಡ್ಯಾಗ ಅದಾರಂತ ತೋರ್ಸಾಕತ್ತಿತ್ತು. ಬಸ್ಸಿನ್ಯಾಗ ಆರಾಮ ಕುಂತು ಬಂದೆ."

ರೇವತಿ ಫರ್ಹತಳಿಂದ ನಂಬರು ಕೇಳಿಕೊಂಡು ಕುಬ್ರಾಬೇಗಂ ಅವರಿಗೆ ಫೋನು ಹಚ್ಚಿದಳು. ರಿಂಗಾಗಿ ರಿಂಗಾಗಿ ನಿಂತಿತು, ಮತ್ತು ಅವಳು ಕಸಿದುಕೊಂಡಿದ್ದ ಆ ಅನುಮತಿಯನ್ನು ಮರಳಿ ಕೊಡಲು ಆ ಫೋನೇ ಕೈಗೆ ಸಿಗಬೇಕಿತ್ತು.